ಪಾಳಿ ಕಾಯುವ ತೋಳ

ಗೆಳೆಯರೇ, ನಿಮ್ಮ ಗೇಮ್ ಸಲಹೆಗಳೆಲ್ಲ ನಿಮ್ಮ ಹತ್ತಿರವೇ ಇರಲಿ. ನನಗೆ ಇವತ್ತು ಗುರು ಸಿಕ್ಕಿದ್ದಾರೆ.

ಕಮತಗಿಯ ಸೋದರಮಾವ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಹುನಗುಂದದ ನಮ್ಮ ಮನೆಯಲ್ಲಿದ್ದಾರೆ. ಜೀವನವಿಡೀ ಕುರಿ ಕಾಯ್ದವರು. ಮೂರು ತಿಂಗಳು ಅಡವಿಗೆ ಹೋಗಬೇಡಿ ಎಂದು ಡಾಕ್ಟರ್ ಹೇಳಿದಾಗಿನಿಂದ ಮಾತೇ ನಿಲ್ಲಿಸಿದ್ದರು.

ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪ್‌ನಲ್ಲಿ ನನ್ನ ನಾಲ್ವರು ವೀರರು ತೋಳಗಳ ಬಾಯಿಗೆ ಸಿಕ್ಕಿ ಮೂರನೇ ಸಲ ಸತ್ತರು. ದಾಳ ಉರುಳಿಸಿ, ಸರದಿಯಂತೆ ಹೊಡೆದಾಡುವ ಆಟ ಅದು. ಮತ್ತೆ ಶುರುಮಾಡಿದಾಗ ಬೆನ್ನ ಹಿಂದಿನಿಂದ ಮಾವನ ದನಿ ಬಂತು.

“ತ್ವಾಳ ಯಾಕ ಸುಮ್ನ ನಿಂತೈತವ್ವಾ?”

“ಈಗ ನಮ್ಮ ಪಾಳಿ, ಮಾಮಾ.”

“ಪಾಳಿ ಕಾಯೋ ತ್ವಾಳ! ಇಂಥದ್ದು ನಮ್ಮ ಅಡವ್ಯಾಗ ಒಂದೂ ಸಿಗಲಿಲ್ಲ ನೋಡು. ಅದಿರ್ಲಿ, ಗಾಯಕ್ಕ ಔಷಧ ಹಚ್ಚೋ ಆ ಮುದುಕನ್ನ ಯಾಕ ಹಿಂದ ಬಿಟ್ಟಿ? ತ್ವಾಳ ಹಿಂದ ಉಳಿದದ್ದನ್ನ ಹಿಡೀತೈತಿ. ನಡುವ ಹಾಕು.”

ಹಾಕಿದೆ. ದಾಳ ಕೆಟ್ಟದಾಗಿ ಬಿದ್ದರೂ ಗೆದ್ದೆವು.

ಖುಷಿಯಿಂದ ಲ್ಯಾಪ್‌ಟಾಪ್ ಮುಚ್ಚಲು ಹೋದರೆ ಮಾವ ಗದರಿದರು: “ಹಂಗ ಅಡವ್ಯಾಗ ಬಿಟ್ಟು ಏಳ್ತಿಯೇನು? ಮೊದ್ಲ ಎಣಿಸು, ನಾಲ್ಕೂ ಅದಾವೇನು? ನಾಳೆ ಲಗೂನ ಹೊಂಡೂಣು.”

ಎಣಿಸಿದೆ. ನಾಲ್ಕೂ ಇದ್ದವು.

ದಯವಿಟ್ಟು ಡಾಕ್ಟರಿಗೆ ಯಾರೂ ಹೇಳಬೇಡಿ. ಮಾವ ನಾಳೆಯಿಂದ ಅಡವಿಗೆ ಹೊರಟಿದ್ದಾರೆ.