ಇಪ್ಪತ್ತು ನಿಮಿಷದ ಸಂಸಾರ

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಡಿಪೋದ ತೊಳೆಯುವ ಕಟ್ಟೆಯ ಮೇಲೆ ಆರನೆಯ ಬಸ್ಸು ಬಂದು ನಿಲ್ಲುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಮನುಷ್ಯರೊಬ್ಬರು ಪೈಪು ಎಳೆದುಕೊಂಡು ಬಂದು ಮೊದಲು ಚಾಲಕನ ಮುಂದಿನ ಗಾಜಿಗೆ ನೀರು ಹಾಯಿಸುತ್ತಾರೆ. ಆಮೇಲೆ ಸೋಪಿನ ನೊರೆ, ಆಮೇಲೆ ಉದ್ದ ಕೋಲಿನ ಬ್ರಷ್ಷು, ಮತ್ತೆ ನೀರು. ಒಂದು ಬಸ್ಸಿಗೆ ಒಂಬತ್ತು ನಿಮಿಷ. ಚಕ್ರದ ಸಂದಿಯ ಕೆಸರು ಮೊಂಡು ಹಿಡಿದರೆ ಹತ್ತು.

ಮೂವತ್ತೆಂಟು ವರ್ಷದ ಇವರನ್ನು ಡಿಪೋದಲ್ಲಿ ಎಲ್ಲರೂ ಪೈಪಣ್ಣ ಎನ್ನುತ್ತಾರೆ. ಹನ್ನೊಂದು ವರ್ಷಗಳಿಂದ ಇದೇ ಕಟ್ಟೆ, ಇದೇ ಪೈಪು. ಬೆಳಿಗ್ಗೆ ಫಳಫಳ ಎನ್ನುವ ಬಸ್ಸು ಹತ್ತುವವರಿಗೆ ಅದನ್ನು ಯಾರೋ ತೊಳೆದಿದ್ದಾರೆ ಎಂಬುದು ನೆನಪಾಗುವುದಿಲ್ಲ. ಅದರ ಬಗ್ಗೆ ಪೈಪಣ್ಣನಿಗೆ ದೂರೇನಿಲ್ಲ. ಅವರ ಕಣ್ಣು ಪದೇ ಪದೇ ಹೋಗುವುದು ಗೇಟಿನ ಮೇಲಿನ ಗಡಿಯಾರದ ಕಡೆಗೆ.

"ಒಂಬತ್ತೂ ಇಪ್ಪತ್ತಕ್ಕೆ ಇಲ್ಲಿಂದ ಹೊರಡಲೇಬೇಕು ಮೇಡಂ. ಎರಡು ಬಸ್ ಬದಲಾಯಿಸಿ ಹತ್ತೂ ಹತ್ತಕ್ಕೆ ಮನೆ. ಹತ್ತೂವರೆಗೆ ನನ್ನ ಹೆಂಡ್ತಿ ವ್ಯಾನ್ ಬರುತ್ತೆ. ಮಧ್ಯ ಇಪ್ಪತ್ತು ನಿಮಿಷ. ನಮ್ಮ ಸಂಸಾರ ಅಂದ್ರೆ ಅಷ್ಟೇ."

ಮಾತು ತಮಾಷೆಯದೆಂದುಕೊಂಡು, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ನಗುತ್ತೇನೆ. ಅವರು ನಗುವುದಿಲ್ಲ.

ಅವರ ಮನೆ ಮೂರನೆಯ ಮಹಡಿಯಲ್ಲಿ ಒಂದೂವರೆ ಕೋಣೆ. ಬಾಗಿಲಿಗೆ ಮೂರು ಚಿಲಕ. ಮೇಲಿನದು ದೊಡ್ಡವರೂ ತುದಿಗಾಲಲ್ಲಿ ನಿಂತು ತೆಗೆಯುವಷ್ಟು ಎತ್ತರದಲ್ಲಿದೆ. ಒಳಗೆ ಮೇಜು, ಕುರ್ಚಿಗಳ ಮೂಲೆಗಳಿಗೆಲ್ಲ ಹಳೆಯ ಬಟ್ಟೆ ಸುತ್ತಿ ಹೊಲಿದಿದ್ದಾರೆ. ಗೋಡೆಯ ಒಂದು ಜಾಗದಲ್ಲಿ, ನೆಲದಿಂದ ಎರಡಡಿ ಎತ್ತರಕ್ಕೆ, ದಪ್ಪ ಹಾಸಿಗೆಯ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಮಗು ತಲೆ ಚಚ್ಚಿಕೊಳ್ಳುವುದು ಅಲ್ಲಿ.

ಮಗಳಿಗೆ ಆರು ವರ್ಷ. ಮನೆಯಲ್ಲಿ ಕರೆಯುವುದು ಬುಗುರಿ ಎಂದು. ಪಾತ್ರೆಗಳ ಮುಚ್ಚಳ ಕೈಗೆ ಸಿಕ್ಕರೆ ಸಾಕು, ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವವರೆಗೂ ಮುಖವನ್ನು ನೆಲಕ್ಕಿಟ್ಟು ನೋಡುತ್ತಾಳೆ. ನಿಂತಿತೋ, ಮತ್ತೆ ತಿರುಗಿಸುತ್ತಾಳೆ. ಡೌನ್ ಸಿಂಡ್ರೋಮ್ ಇರುವ ಮಗು. ಜೊತೆಗೆ ಆಟಿಸಂ ಕೂಡ ಇದೆ. ಈ ಎರಡನೆಯದು ತಿಳಿದುಬರಲು ಐದು ವರ್ಷ ಹಿಡಿಯಿತು.

ಹುಟ್ಟಿದ ಮೂರನೆಯ ದಿನವೇ ಮೊದಲನೆಯದನ್ನು ಹೇಳಿದ್ದರು. ಹನ್ನೊಂದನೆಯ ತಿಂಗಳಲ್ಲಿ ಹೃದಯದ ತೂತು ಮುಚ್ಚುವ ಆಪರೇಷನ್ ಆಯಿತು. ಅಲ್ಲಿಗೆ ಕಷ್ಟ ಕಳೆಯಿತು ಎಂದುಕೊಂಡರು. ಡೌನ್ ಸಿಂಡ್ರೋಮ್ ಮಕ್ಕಳ ತಂದೆತಾಯಿಯರು ತಿಂಗಳಿಗೊಮ್ಮೆ ಸೇರುವ ಕಡೆಗೆ ಹೋದಾಗ ಎಲ್ಲರೂ ಧೈರ್ಯ ಹೇಳಿದರು: ಈ ಮಕ್ಕಳು ನಿಧಾನ, ಆದರೆ ಬಲು ಪ್ರೀತಿಯವು, ಕಂಡವರನ್ನೆಲ್ಲ ಅಪ್ಪಿಕೊಳ್ಳುತ್ತವೆ.

ಬುಗುರಿ ಎರಡೂವರೆ ವರ್ಷಕ್ಕೆ ನಾಲ್ಕು ಮಾತು ಆಡುತ್ತಿದ್ದಳು. ಅಪ್ಪ, ಬಾ, ಬಸ್ಸು, ಮತ್ತೆ ನೀರಿಗೆ 'ನೀ'. ಮೂರು ತುಂಬಿದ ಮೇಲೆ ಆ ಮಾತುಗಳು ಒಂದೊಂದಾಗಿ ಹೋದವು. "ಮೊದಲು ಬಸ್ಸು ಹೋಯ್ತು. ಆಮೇಲೆ ಬಾ. ಅಪ್ಪ ಯಾವತ್ತು ಹೋಯ್ತು ಅಂತ ಗೊತ್ತೇ ಆಗ್ಲಿಲ್ಲ. ಕೊನೇ ಸಲ ಕರೆದಾಗ ಅದು ಕೊನೇದು ಅಂತ ನಂಗೇನು ಗೊತ್ತು? ಗೊತ್ತಿದ್ರೆ ಇನ್ನೊಂಚೂರು ಗಮನ ಕೊಟ್ಟು ಕೇಳಿಸ್ಕೋತಿದ್ದೆ." ಕೊನೆಗೆ 'ನೀ' ಕೂಡ ಹೋಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ನಿಂತಿತು. ಮುಟ್ಟಿದರೆ ಮೈ ಬಿಗಿಯುತ್ತಿತ್ತು. ಕೇಳಿದ ಡಾಕ್ಟರರೆಲ್ಲ ಹೇಳಿದ್ದು ಒಂದೇ: ಡೌನ್ ಅಲ್ಲವೇ, ತಾಳ್ಮೆ ಇರಲಿ.

ಆ ತಂದೆತಾಯಿಯರ ಕೂಟದ ವಾರ್ಷಿಕ ಸಮಾರಂಭದಲ್ಲಿ ಬೇರೆ ಮಕ್ಕಳು ವೇದಿಕೆ ಹತ್ತಿ ಕುಣಿದರಂತೆ. ಬುಗುರಿ ಕುರ್ಚಿಯ ಕೆಳಗೆ ಸೇರಿಕೊಂಡು ಕಿವಿ ಮುಚ್ಚಿ ಕಿರುಚಿದಳು. ಹಿಂದಿನ ಸಾಲಿನ ತಾಯಿಯೊಬ್ಬರು, "ನೀವು ಮನೇಲಿ ಜಾಸ್ತಿ ಮುದ್ದು ಮಾಡ್ತೀರೇನೋ" ಎಂದರು. ಮುಂದಿನ ತಿಂಗಳಿಂದ ಇವರು ಹೋಗಲಿಲ್ಲ. ಕಡೆಗೆ, ಮಾತು ಕಲಿಸುವ ಶಿಕ್ಷಕಿಯೊಬ್ಬರು ಅರ್ಧ ಗಂಟೆ ನೆಲದ ಮೇಲೆ ಮಗುವಿನ ಪಕ್ಕ ಕೂತು ಸುಮ್ಮನೆ ನೋಡಿ, ಇನ್ನೊಂದು ಹೆಸರು ಹೇಳಿದರು. ಆ ಹೆಸರು ಹಿಡಿದು ಆಟಿಸಂ ಮಕ್ಕಳ ತರಗತಿಗೆ ಹೋದರೆ, ಅಲ್ಲಿಯ ಪಾಠ ಇವಳಿಗೆ ತೀರಾ ವೇಗವಾಯಿತು. ಎರಡು ವಾರಕ್ಕೆ ಕಳಿಸಿಬಿಟ್ಟರು.

ಹತ್ತೂ ಹತ್ತಕ್ಕೆ ಸರಿಯಾಗಿ ಪೈಪಣ್ಣ ಮೆಟ್ಟಿಲು ಹತ್ತಿದಾಗ ನಾನೂ ಹಿಂದೆ ಇದ್ದೇನೆ. ಬಾಗಿಲು ತೆರೆಯುವ ಹೆಂಡತಿಯ ಹೆಗಲಲ್ಲಿ ಆಗಲೇ ಚೀಲ. ಅಂಗಿಗಳ ಕಾರ್ಖಾನೆಯಲ್ಲಿ ದಿನಕ್ಕೆ ನಾನೂರು ಕಾಲರ್ ಹೊಲಿಯುವ ಅವರು ಅಲ್ಲಿ ಕಾಲರ್ ಅಕ್ಕ. ಅವರಾಡುವ ಮಾತು ತಂತಿ ಕಳಿಸಿದ ಹಾಗಿದೆ.

"ಥೈರಾಯ್ಡ್ ಮಾತ್ರೆ ಹಾಲಲ್ಲಿ ಕಲಸಿ ಹಾಕಿದೀನಿ, ಅರ್ಧ ಉಗುಳಿದಾಳೆ. ಮೂರು ಸಲ ಎದ್ದಿದ್ಲು. ಎಡಗಿವಿ ತಿವ್ಕೋತಾಳೆ, ಸೋರ್ತಿದ್ಯಾ ನೋಡಿ. ನೀಲಿ ಮುಚ್ಚಳ ಸಿಕ್ತಿಲ್ಲ, ಸೋಫಾ ಕೆಳಗೆ ಹುಡುಕಿ."

"ಹೊಟ್ಟೆಗೆ?"

"ಬ್ರೆಡ್ಡಿನ ಬಿಳಿ ಭಾಗ ಅಷ್ಟೇ."

ಬುಗುರಿ ತಿನ್ನುವುದು ಐದೇ ಪದಾರ್ಥ, ಐದೂ ಬಿಳಿ. ಬಣ್ಣ ಕಂಡರೆ ತಟ್ಟೆ ಗೋಡೆಗೆ ಹೋಗುತ್ತದೆ. ಒಂಬತ್ತು ಮುಚ್ಚಳಗಳಲ್ಲಿ ಒಂದು ಕಡಿಮೆಯಾದರೂ ಅವಳಿಗೆ ತಿಳಿಯುತ್ತದೆ. ಎಂಟು ತಿಂಗಳಿಂದ ಶಿಕ್ಷಕಿ ಹೇಳಿದಂತೆ ಚಿತ್ರದ ಚೀಟಿಗಳನ್ನು ಕಲಿಸುತ್ತಿದ್ದಾರೆ. ಬಾಯಾರಿದರೆ ಲೋಟದ ಚಿತ್ರವನ್ನು ಎತ್ತಿಕೊಡಬೇಕು. ಎಂಟು ತಿಂಗಳಲ್ಲಿ ಎರಡು ಸಲ ಕೊಟ್ಟಿದ್ದಾಳೆ. "ಎರಡ್ನೇ ಸಲ ನಿಜವಾಗ್ಲೂ ಕೊಟ್ಲೋ, ಕೈಗೆ ಸಿಕ್ತು ಅಂತ ಎಸೆದ್ಲೋ, ನಮ್ಮಿಬ್ರಲ್ಲಿ ಇನ್ನೂ ತೀರ್ಮಾನ ಆಗಿಲ್ಲ," ಎನ್ನುತ್ತಾರೆ ಕಾಲರ್ ಅಕ್ಕ.

ರಾತ್ರಿ ಎಂಟಕ್ಕೆ ಹೆಂಡತಿ ಒಳಗೆ ಕಾಲಿಟ್ಟ ಕೂಡಲೇ ಪೈಪಣ್ಣ ಹೊರಡುತ್ತಾರೆ. ಮಧ್ಯರಾತ್ರಿವರೆಗೆ ಬಸ್ಸುಗಳ ಒಳಗೆ ಗುಡಿಸುವ ಕೆಲಸ, ಡಿಪೋದ ಬೆಂಚಿನ ಮೇಲೆ ಮೂರು ತಾಸು ನಿದ್ದೆ, ಮತ್ತೆ ಪೈಪು. ಪೈಪಣ್ಣನಿಗೆ ವಾರದ ರಜೆ ಬುಧವಾರ, ಹೆಂಡತಿಗೆ ಭಾನುವಾರ. ಬುಧವಾರ ರಾತ್ರಿ ಮಗುವನ್ನು ಇವರು ಕಾಯುತ್ತಾರೆ, ವಾರಕ್ಕೊಂದು ಸಲವಾದರೂ ಹೆಂಡತಿ ಕಣ್ತುಂಬ ನಿದ್ದೆ ಮಾಡಲಿ ಎಂದು. ಭಾನುವಾರ ಹಗಲು ಅವರು ಕಾಯುತ್ತಾರೆ, ಗಂಡ ಮಲಗಲಿ ಎಂದು. ಇಬ್ಬರೂ ಎಚ್ಚರವಾಗಿ, ಎದುರುಬದುರು ನಿಲ್ಲುವುದು ಈ ಇಪ್ಪತ್ತು ನಿಮಿಷ ಮಾತ್ರ.

ಕಳೆದ ವರ್ಷ ಒಂದು ದಿನ ಅದೂ ತಪ್ಪಿತು.

ಆ ದಿನ ಪೈಪಣ್ಣ ಹತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟಿತು. ಹತ್ತೂ ಇಪ್ಪತ್ತೆಂಟಕ್ಕೆ ಹೆಂಡತಿಯ ಫೋನು. ಒಮ್ಮೆ ವ್ಯಾನ್ ತಪ್ಪಿಸಿಕೊಂಡಿದ್ದಕ್ಕೆ ಮೇಸ್ತ್ರಿ ಆಗಲೇ ಎಚ್ಚರಿಸಿದ್ದ. ಇನ್ನೊಮ್ಮೆಯಾದರೆ ಕೆಲಸವಿಲ್ಲ.

"ಎಲ್ಲಿದೀರಾ?" ಎಂದು ಕೇಳಿದರು.

"ಬೀದಿ ಮೂಲೇಲೇ ಇದೀನಿ. ನೀನು ಹೊರಡು," ಎಂದರು ಇವರು.

ಇವರಿದ್ದದ್ದು ಎರಡು ಸ್ಟಾಪು ಆಚೆ. ಓಡಿದರೆ ಹತ್ತು ನಿಮಿಷ ಎಂಬ ಅಂದಾಜು. ಮಗು ನಿದ್ದೆಯಲ್ಲಿತ್ತು. ಗಂಡ ಮೂಲೆಯಲ್ಲಿದ್ದಾರೆಂದು ನಂಬಿದ ಕಾಲರ್ ಅಕ್ಕ ಬಾಗಿಲು ಎಳೆದುಕೊಂಡು ಇಳಿದರು. ಆಗ ಇದ್ದದ್ದು ಒಂದೇ ಚಿಲಕ, ಅದೂ ಒಳಗಡೆಯದು.

ಪೈಪಣ್ಣ ಏದುಸಿರು ಬಿಡುತ್ತ ಬಂದಾಗ ಬಾಗಿಲು ಹಾರುಹೊಡೆದಿತ್ತು. ನಲವತ್ತು ನಿಮಿಷ ಹುಡುಕಿದರು. ಹೆಸರು ಹಿಡಿದು ಕೂಗಿದರೆ ಓಗೊಡುವ ಮಗುವಲ್ಲ. ನಾಲ್ಕು ಬೀದಿಯಾಚೆ ಟೈರ್ ಅಂಗಡಿಯೊಂದರ ಮುಂದೆ, ಯಂತ್ರದ ಮೇಲೆ ತಿರುಗುತ್ತಿದ್ದ ಚಕ್ರವನ್ನು ನೋಡುತ್ತ ಬುಗುರಿ ನಿಂತಿದ್ದಳು. ಅಂಗಾಲನ್ನು ಮೊಳೆ ಸೀಳಿ ರಕ್ತ ಸುರಿಯುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಇವರು ಬಾಚಿ ಎತ್ತಿಕೊಂಡರು. ಚಕ್ರದಿಂದ ದೂರ ಮಾಡಿದ್ದಕ್ಕೆ ಬುಗುರಿ ಬೀದಿ ಬಿರಿಯುವಂತೆ ಕಿರುಚಿ, ಇವರ ಮುಖ ಪರಚಿದಳು. ಜನ ಸೇರಿದರು. ನೆಂದ ಬೂಟಿನ, ಬೆವರಿಳಿಯುವ ಈ ಮನುಷ್ಯನ ಕೈಯಲ್ಲಿ ಮಗು ಒದ್ದಾಡುವುದನ್ನು ನೋಡಿ ಒಬ್ಬ ಅಂಗಿ ಹಿಡಿದು ಕೇಳಿದ, "ನಿನ್ನ ಮಗಳು ಅಂತ ಏನು ಗ್ಯಾರಂಟಿ?"

"ನನ್ನ ಮಗಳೇ ಅಂದೆ. ಹಾಗಾದ್ರೆ ಅಪ್ಪ ಅನ್ನಲಿ ನೋಡೋಣ ಅಂದ. ಅವಳು ನನ್ನ ಮುಖಾನೂ ನೋಡ್ತಿಲ್ಲ. ಫೋನಲ್ಲಿದ್ದ ಫೋಟೋ ತೋರಿಸೋಕೆ ಹೋದೆ. ಅವಳು ಒದ್ದ ರಭಸಕ್ಕೆ ಫೋನ್ ಬಿತ್ತು. ಒಬ್ಬ ಎರಡು ಏಟು ಹಾಕ್ದ." ಡಿಪೋದಿಂದ ಬಸ್ಸಿನಲ್ಲಿ ಬರುವಾಗ ಪೈಪಣ್ಣ ನನಗೆ ಇದನ್ನು ಹೇಳಿದ್ದರು. "ಹೊಡೆದವನ ತಪ್ಪಿಲ್ಲ ಬಿಡಿ. ಅವನ ಜಾಗದಲ್ಲಿ ನಾನಿದ್ರೂ ಹೊಡೀತಿದ್ದೆ."

ಟೈರ್ ಅಂಗಡಿಯವನೇ ಫೋನ್ ಎತ್ತಿ ಫೋಟೋ ನೋಡಿ ಬಿಡಿಸಿದ. ಅಂಗಾಲಿಗೆ ಏಳು ಹೊಲಿಗೆ ಬಿದ್ದವು. ಹೆಂಡತಿ ಆಸ್ಪತ್ರೆಗೆ ಬಂದು, ಗಂಡನ ಮುಖದ ಗಾಯಗಳನ್ನೂ ಮಗುವಿನ ಕಾಲನ್ನೂ ನೋಡಿ ಹೇಳಿದ್ದು ಒಂದೇ ಮಾತು: "ಮೂಲೇಲಿದೀನಿ ಅಂದ್ರಲ್ಲ."

ಅದಕ್ಕೀಗ ಹದಿನಾಲ್ಕು ತಿಂಗಳು. ಆ ವಿಷಯ ಮತ್ತೆ ಅವರ ನಡುವೆ ಬಂದಿಲ್ಲ. ಗಾಯ ಮಾಗಿದೆ, ಬಾಗಿಲಿಗೆ ಇನ್ನೆರಡು ಚಿಲಕ ಬಂದಿವೆ. ಈಗ ತಡವಾದರೆ ಪೈಪಣ್ಣ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ, ಹೆಂಡತಿ ವ್ಯಾನ್ ಬಿಟ್ಟು ಕಾಯುತ್ತಾರೆ. ಮೇಸ್ತ್ರಿಯ ಮುಂದೆ ನಿಂತು ಬೈಸಿಕೊಳ್ಳುತ್ತಾರೆ. ಕೆಲಸ ಇನ್ನೂ ಉಳಿದಿದೆ, ಎಷ್ಟು ದಿನವೋ ತಿಳಿಯದು.

ಇದನ್ನೆಲ್ಲ ಬರೆಯಬಹುದೇ ಎಂದು ಆ ಬಸ್ಸಿನಲ್ಲೇ ಕೇಳಿದೆ. ಬರೀರಿ ಎಂದರು ಪೈಪಣ್ಣ. ಆಮೇಲೆ, ನಾನು ಕೇಳದೆಯೇ ಇನ್ನೊಂದನ್ನೂ ಹೇಳಿದರು. "ಒಂದೊಂದ್ಸಲ, ಹೃದಯದ ಆ ಆಪರೇಷನ್ ಮಾಡಿಸ್ದೇ ಇದ್ದಿದ್ರೆ ಅಂತ ಅನ್ಸಿದೆ. ಅನ್ಸಿದ ತಕ್ಷಣ ಎದ್ದೋಗಿ ಅವಳು ಉಸಿರಾಡ್ತಿದಾಳಾ ಅಂತ ನೋಡಿದೀನಿ. ಅದನ್ನೂ ಬರೀರಿ. ಹೀಗೆ ಅನ್ಸಿ ಒಬ್ಬರೇ ಕೂತಿರೋ ಅಪ್ಪಂದಿರು ಇನ್ನೂ ಇರ್ತಾರೆ."

ಈಗ ಹತ್ತೂವರೆ, ಕೆಳಗೆ ವ್ಯಾನಿನ ಹಾರನ್ ಕೇಳುತ್ತದೆ. ಬುಗುರಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಾಳೆ. ಕಾಲರ್ ಅಕ್ಕ ಚಪ್ಪಲಿ ಮೆಟ್ಟುತ್ತಿರುವಾಗ ನಾನು ತಡೆದು ಕೇಳುತ್ತೇನೆ, ಗಂಡನ ಆ ಸುಳ್ಳನ್ನು ಕ್ಷಮಿಸಿದ್ದೀರಾ ಎಂದು.

"ಅದಕ್ಕೆಲ್ಲ ಪುರುಸೊತ್ತೆಲ್ಲಿದೆ ಅಕ್ಕಾ?" ಎನ್ನುತ್ತ ಮೆಟ್ಟಿಲಿಳಿಯುತ್ತಾರೆ.

ಪೈಪಣ್ಣ ಮೂರೂ ಚಿಲಕ ಹಾಕಿ, ನೆಲದ ಮೇಲೆ ಮಗಳಿಂದ ಒಂದು ಮಾರು ದೂರ ಕೂರುತ್ತಾರೆ. ಅದಕ್ಕಿಂತ ಹತ್ತಿರ ಕೂತರೆ ಅವಳಿಗಾಗುವುದಿಲ್ಲ. ಹೊರಡುವ ಮೊದಲು, ನಿಮಗೆ ಏನು ಸಿಕ್ಕರೆ ಸಾಕು ಎಂದು ಕೇಳುತ್ತೇನೆ. ಮಗಳ ಮಾತು ಎನ್ನುತ್ತಾರೆಂದು ನನ್ನ ಎಣಿಕೆ.

"ನಮ್ಮಿಬ್ರಿಗೂ ಒಂದೇ ದಿನ ರಜ ಸಿಗ್ಬೇಕು ಮೇಡಂ. ಅವತ್ತು ಇವಳನ್ನ ನೋಡ್ಕೊಳ್ಳೋಕೆ ನಂಬೋವಂಥವರು ಯಾರಾದ್ರೂ ಬೇಕು."

"ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಮನೇಲೇ ಕೂತು ಜಗಳ ಆಡ್ಬೇಕು. ನನ್ನ ಹೆಂಡ್ತಿ ಬಾಯಿಗೆ ಬಂದಂಗೆ ಬೈಬೇಕು, ನಾನು ಪೂರ್ತಿ ಕೇಳಿಸ್ಕೋಬೇಕು. ಹದಿನಾಲ್ಕು ತಿಂಗಳಿಂದ ಹೊಟ್ಟೆಲಿಟ್ಕೊಂಡಿದಾಳೆ. ಈಗ ಶುರು ಮಾಡಿದ್ರೆ ಅರ್ಧಕ್ಕೇ ವ್ಯಾನ್ ಬಂದ್ಬಿಡುತ್ತೆ."