ಅಬ್ಬಿಗೆ ಒಯ್ದ ನೀರು

ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ಮನೆಯ ಮರುದೇವಮ್ಮ ಪಡುವಣ ದಿಕ್ಕಿಗೆ ಹಾಸನ ದಾಟುವುದಿಲ್ಲ ಎಂಬುದು ಬಸದಿಗೆ ಬರುವವರಿಗೆಲ್ಲ ಗೊತ್ತು. ಇಂಥ ದಿಕ್ಕಿನಲ್ಲಿ ಇಂಥ ಊರಿನಾಚೆ ಕಾಲಿಡುವುದಿಲ್ಲವೆಂದು ಜೈನರು ಹಿಡಿಯುವ ಆ ನಿಯಮಕ್ಕೆ ದಿಗ್ವ್ರತ ಅನ್ನುತ್ತಾರೆ. ಆಕೆ ಅದನ್ನು ಹಿಡಿದು ಇಪ್ಪತ್ತು ವರ್ಷ ಮೀರಿತ್ತು. ಅತ್ತೆಯರು ಆಕೆಯನ್ನು ಸೊಸೆಯರಿಗೆ ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದರು. ಹೊಗಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಮಗ ಸತ್ತ ದಿಕ್ಕಿನ ಕಡೆ ತಲೆಯೆತ್ತಿ ನೋಡಲಾರದ ತಾಯಿಯ ಸಂಕಟಕ್ಕೆ ಭಕ್ತಿ ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ಕಿರಿಯ ಮಗ ಅಶೋಕ ಕಾಲೇಜಿನ ಗೆಳೆಯರ ಜೊತೆ ಸಕಲೇಶಪುರದ ಕಡೆಯ ಕಾಡಿನಲ್ಲಿ ಅಬ್ಬಿ ಧುಮುಕುವುದನ್ನು ನೋಡಲು ಹೋದವನು ಪಾಚಿ ಬಂಡೆಯಿಂದ ಜಾರಿ ನೀರುಪಾಲಾಗಿದ್ದ. ಆಮೇಲೆ ಮನೆಯವರು ಯಾರೂ ಆ ಕಡೆ ಹೋಗಲಿಲ್ಲ. ವ್ರತ ಹಿಡಿದವಳು ಒಬ್ಬಳು, ಪಾಲಿಸಿದ್ದು ಇಡೀ ಮನೆ.

ಹೀಗಿರುವಾಗ ಹಾಸನದಲ್ಲಿ ಟೀಚರ್ ಆಗಿರುವ ಮೊಮ್ಮಗಳು ಸಮತಾ ಒಂದು ಭಾನುವಾರ ಬಂದು ಅಜ್ಜಿಯ ಮುಂದೆ ಕೂತಳು.

"ಅಜ್ಜಿ, ಮನೆ ಮಕ್ಕಳನ್ನ ಕರ್ಕೊಂಡು ಆ ಅಬ್ಬಿಗೆ ಹೋಗ್ಬರಾಣ ಅಂತಿದೀವಿ. ಈಗ ಮೆಟ್ಲು ಮಾಡಿ ಕಂಬಿ ಹಾಕವ್ರೆ. ಆ ಕಡೆ ಅಂದ್ರೆ ಸಾಕು, ನಂಗೆ ಎದೆ ನಡುಗ್ತದೆ. ಈ ಭಯ ನನ್ ಮಗಳಿಗೂ ಅಂಟೋದು ಬ್ಯಾಡ. ನೀವು ಬ್ಯಾಡ ಅಂದ್ರೆ ಮಾತ್ರ ಇಲ್ಲಿಗೇ ಬಿಟ್ಬಿಡ್ತೀನಿ."

ಮರುದೇವಮ್ಮ, "ಮಳೆ ಕಳೀಲಿ" ಅಂದರು. ಅದನ್ನೇ ಮನೆಯವರು ಒಪ್ಪಿಗೆ ಅಂದುಕೊಂಡರು.

ಹೊರಡುವುದು ದೀಪಾವಳಿ ಕಳೆದ ಮೇಲೆ ಎಂದಾಯಿತು. ಅಷ್ಟರಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳದ ಕಾಟ ತಗ್ಗಿರುತ್ತದೆ.

"ಉಪ್ಪು ಹಾಕಿ ಕೊಲ್ಲಂಗಿಲ್ಲ, ಸುಮ್ನೆ ರಕ್ತ ಕೊಡೋಕೆ ನಾನೇನು ಮುನಿಯಲ್ಲ" ಎಂದ ಹಿರಿಯ ಮಗ ಗೊಮ್ಮಟೇಶ್, ಸಮತಾಳ ಅಪ್ಪ. ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಹೊತ್ತು ಮುಳುಗುವ ಮೊದಲು ಮನೆ, ಊಟ ಎಂದು ತೀರ್ಮಾನವಾಯಿತು. ಮರುದೇವಮ್ಮ ಹೂಬತ್ತಿ ಹೊಸೆಯುತ್ತ ಎಲ್ಲ ಕೇಳಿಸಿಕೊಂಡರು. ಬೇಡ ಅನ್ನುವ ಮಾತು ಎಷ್ಟೋ ಸಲ ನಾಲಿಗೆ ತುದಿಗೆ ಬಂದು ಹಿಂದೆ ಹೋಯಿತು.

ಹೊರಡುವ ಹಿಂದಿನ ಸಂಜೆ ಸಮತಾಳ ಮಗಳು ಧನ್ಯಾ ಅಡುಗೆಮನೆಗೆ ಬಂದು ನೀರು ಸೋಸುವ ಬಿಳಿ ಬಟ್ಟೆಯನ್ನು ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಅದ್ಯಾಕೆ ಮಗ?"

"ಅಲ್ಲಿ ನೀರು ಸೋಸ್ಕೊಂಡು ಕುಡೀತೀನಿ ದೊಡ್ಡಜ್ಜಿ. ಬಟ್ಟೇಲಿ ಉಳಿದ ಜೀವಗಳನ್ನ ಮತ್ತೆ ಅದೇ ನೀರಿಗೆ ಬಿಟ್ಟು ಬತ್ತೀನಿ. ನೀವೇ ಹೇಳ್ಕೊಟ್ಟಿದ್ರಲ್ಲ?"

ಮರುದೇವಮ್ಮ ಬಟ್ಟೆಯನ್ನು ಬ್ಯಾಗಿನಿಂದ ಕಿತ್ತುಕೊಂಡು ಅಲ್ಲೇ ನೆಲಕ್ಕೆ ಕುಸಿದರು. ಮಗು ಹೆದರಿ ಅಮ್ಮನನ್ನು ಕೂಗಿತು. ಸಮತಾ, ಗೊಮ್ಮಟೇಶ್ ಇಬ್ಬರೂ ಓಡಿ ಬಂದರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಬೆಂಕಿಯನ್ನು ಆಕೆ ಅಂದು ಹೊರಗೆ ಹಾಕಿದರು.

"ಸೂತಕ ಕಳೆದ ಮ್ಯಾಲೆ ಅಶೋಕನ ಗೆಳೆಯ ಮನೋಹರ ಬಂದಿದ್ದ. ಎಲ್ರೂ ನೀರು ಕುಡ್ದು ಮ್ಯಾಲಕ್ಕೆ ಹತ್ತಿದ್ರಂತೆ. ಅಶೋಕ ಒಬ್ನೇ ಮತ್ತೆ ಇಳಿದ್ನಂತೆ. ಬಟ್ಟೇಲಿ ಜೀವ ಉಳಿದವೆ, ಬಿಟ್ಟು ಬತ್ತೀನಿ, ಇಲ್ದಿದ್ರೆ ಅಮ್ಮ ನೊಂದ್ಕೋತಾಳೆ ಅಂದ್ನಂತೆ. ಯಾರಿಗೂ ಹೇಳ್ಬ್ಯಾಡ ಅಂತ ಮನೋಹರನ ಕೈ ಹಿಡ್ಕೊಂಡೆ."

ಗೊಮ್ಮಟೇಶ್ ತಾಯಿಯ ಪಕ್ಕ ನೆಲದ ಮೇಲೆ ಕೂತ. ಸಮತಾ ಅಳುತ್ತ, "ನೀವು ಕಲಿಸಿದ್ದು ತಪ್ಪಲ್ಲ ಅಜ್ಜಿ" ಅಂದಳು.

"ತಪ್ಪಲ್ಲ ಕಣವ್ವ. ಅರ್ಧ ಕಲಿಸ್ದೆ. ನೀರಲ್ಲಿರೋ ಜೀವ ನೋಡ್ಕೋ ಅಂದೆ, ನಿನ್ ಜೀವ ನೋಡ್ಕೋ ಅನ್ನಲಿಲ್ಲ." ಧನ್ಯಾಳನ್ನು ಹತ್ತಿರ ಎಳೆದುಕೊಂಡರು. "ನಿನ್ನದೂ ಜೀವವೇ ಮಗ. ಇದನ್ನ ಮರೀಬ್ಯಾಡ."

ಇನ್ನು ಯಾರು ಹೋಗುತ್ತಾರೆ ಎಂದು ಸಮತಾ ಬ್ಯಾಗು ಬಿಚ್ಚಲು ಹೋದಳು. ಮರುದೇವಮ್ಮ ಬಿಡಲಿಲ್ಲ.

ಬೆಳಿಗ್ಗೆ ತಾವೇ ಹಿತ್ತಲ ಬಾವಿಯಿಂದ ನೀರು ಸೇದಿದರು. ಬಟ್ಟೆಯಲ್ಲಿ ಸೋಸಿ, ಮಕ್ಕಳ ಬಾಟಲಿಗಳನ್ನೆಲ್ಲ ತುಂಬಿಸಿದರು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಲ್ಲಿ ಬಿಂದಿಗೆಗೆ ಜಾಲಿಸಿ, ಅದನ್ನು ನಿಧಾನವಾಗಿ ಇಳಿಸಿ ಬಾವಿಗೇ ಬಿಟ್ಟರು. "ಇದು ಸಾಲ್ದಿದ್ರೆ ಬಾಯಾರಿಕೊಂಡೇ ಬನ್ನಿ. ನೀರಿನ ಅಂಚಿಗೆ ಹೋಗ್ಬ್ಯಾಡಿ." ಬಟ್ಟೆ ಮನೆಯಲ್ಲೇ ಉಳಿಯಿತು.

ಮಧ್ಯಾಹ್ನದಿಂದ ಮರುದೇವಮ್ಮ ಜಗುಲಿಯ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಸೊಸೆ ಎರಡು ಸಲ ಊಟಕ್ಕೆ ಕರೆದಳು, ಏಳಲಿಲ್ಲ. ಹೊತ್ತು ಮುಳುಗಿದರೆ ಊಟವಿಲ್ಲ ಎಂಬುದು ಗೊತ್ತಿದ್ದೂ ಏಳಲಿಲ್ಲ. ಬಿಸಿಲು ಎದುರು ಮನೆಯ ಹೆಂಚಿಗೇರಿದಾಗ ಜೀಪು ಬಂತು. ಧನ್ಯಾ ಧುಮುಕಿ ಇಳಿದು ಓಡಿ ಬಂದಳು.

ಮರುದೇವಮ್ಮ ಮಗುವಿನ ಕೈ, ಕಾಲು, ತಲೆ ಎಲ್ಲ ಸವರಿ ನೋಡಿದರು. ಆಮೇಲೆ ಇಷ್ಟು ವರ್ಷ ಯಾರನ್ನೂ ಕೇಳದಿದ್ದುದನ್ನು ಕೇಳಿದರು.

"ಹೆಂಗೈತೆ ಮಗ, ಆ ಜಾಗ?"

"ತುಂಬಾ ಚೆನ್ನಾಗೈತೆ ದೊಡ್ಡಜ್ಜಿ. ಸದ್ದಿಗೆ ಮಾತೇ ಕೇಳ್ಸಲ್ಲ. ನೋಡ್ತಾನೇ ಇರಾಣ ಅನ್ಸುತ್ತೆ."

"ಅವನೂ ನೋಡಿದ್ದ, ಅಲ್ವಾ" ಎಂದು ಮರುದೇವಮ್ಮ ಕಣ್ಣೊರೆಸಿಕೊಂಡರು. ಇನ್ನೂ ಹೊತ್ತು ಮುಳುಗಿರಲಿಲ್ಲ. ಸೊಸೆಯನ್ನು ಕೂಗಿ, ಎಲ್ಲರಿಗೂ ತಟ್ಟೆ ಹಾಕಲು ಹೇಳಿದರು.