ಮೆಟ್ಟಿಲ ಮೇಲೆ ಅಜ್ಜಿಯ ದನಿ

ಅವಳು ಹಲ್ಲಿನ ಸೆಟ್ ಮಾಡುವವಳು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದ ವಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸುವುದು ಕೆಲಸ. ಕೋಣೆಯ ಹಲಗೆಯ ಮೇಲೆ ಬಿಳಿ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಹೊಸಬರು ಅಂಜುತ್ತಿದ್ದರು. ಅವಳಿಗೆ ಮಾತಾಡದ ಬಾಯಿ ಹೊಸದಲ್ಲ, ಮನೆಯಲ್ಲೂ ಒಂದಿತ್ತು.

ಮಗಳಿಗೆ ನಾಲ್ಕು ವರ್ಷ. ಆಟಿಸಂ ಎಂದಿದ್ದರು ವೈದ್ಯರು. ಹೆಸರು ಹಿಡಿದು ಕರೆದರೂ ತಿರುಗುತ್ತಿರಲಿಲ್ಲ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ, ಅಂದರೆ ಅವಳ ತಾಯಿ, ಕೂತ ಕುರ್ಚಿಯಲ್ಲೇ ಹೃದಯ ನಿಂತು ತೀರಿಹೋದಾಗಲೂ ಮಗು ಪಕ್ಕದಲ್ಲಿ ಕೂತು ಅಂಗಿಯ ಗುಂಡಿಗಳನ್ನು ಜೋಡಿಸುತ್ತಿತ್ತು. ಅದಕ್ಕೇನೂ ಗೊತ್ತಾಗುವುದಿಲ್ಲ ಬಿಡು ಎಂದು ನೆಂಟರು ಸಮಾಧಾನ ಹೇಳಿದ್ದರು.

ಎಳೆ ವಯಸ್ಸಿನಲ್ಲೇ ತರಬೇತಿ ಶುರುಮಾಡಿ ಎಂದು ವೈದ್ಯರು ಎರಡು ಕೇಂದ್ರಗಳನ್ನು ಸೂಚಿಸಿದರು. ಮೊದಲನೆಯದರಲ್ಲಿ ಮೇಜು, ಕುರ್ಚಿ, ಎದುರಿಗೆ ಟೀಚರ್. ಹೇಳಿದ್ದು ಮಾಡಿದರೆ ಒಂದು ಒಣದ್ರಾಕ್ಷಿ. ಕೆಲವು ತಿಂಗಳಲ್ಲೇ ಮಗು ಕೂರುವುದನ್ನು, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದನ್ನು ಕಲಿಯಿತು. ಅವಳಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಮಾತೂ ಬಂತು. ಒಂದು ಸಂಜೆ ಮೂರನೇ ಮಹಡಿಯ ಮನೆಗೆ ಮೆಟ್ಟಿಲು ಹತ್ತುತ್ತಿದ್ದಾಗ ಬೆನ್ನ ಹಿಂದೆ ಸತ್ತ ತಾಯಿ ಮಾತಾಡಿದಂತಾಯಿತು.

"ನಿಮ್ಮಮ್ಮಂಗೆ ಹೇಳ್ಬೇಡ ಪುಟ್ಟಿ. ಎದೆ ಹಿಡ್ಕೊಂಡಂಗಾಗ್ತಿದೆ. ಸ್ವಲ್ಪ ಕೂತ್ಕೊಳೋಣ."

ಅದೇ ಗೊಗ್ಗರು ದನಿ, ಕೊನೆಯಲ್ಲಿ ಅದೇ ಉಸ್ಸೆಂಬ ಉಸಿರು. ತಿರುಗಿ ನೋಡಿದರೆ ಮಗು ಮಾತ್ರ ಇತ್ತು, ಗೋಡೆ ನೋಡುತ್ತ.

ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ತಾಯಿ ತನ್ನಿಂದ ಎದೆನೋವು ಮುಚ್ಚಿಟ್ಟು, ಯಾರಿಗೂ ಹೇಳಲಾರದ ಮಗುವಿನ ಹತ್ತಿರ ಮಾತ್ರ ಹೇಳಿಕೊಂಡಿದ್ದಳೆಂದು ಅರ್ಥವಾಗಲು ತಡವಾಗಲಿಲ್ಲ.

ಅಲ್ಲಿಂದಾಚೆ ಆ ದನಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕೇಂದ್ರದ ಕುರ್ಚಿಯಲ್ಲೂ ಬಂತು. ಟೀಚರ್ ಒಳ್ಳೆಯವಳೇ. ಇದು ಗಿಳಿಪಾಠ, ಗಮನ ಕೊಡದಿದ್ದರೆ ತಾನಾಗಿ ನಿಲ್ಲುತ್ತದೆ ಎಂದಳು. ಅದರಂತೆ ಅವಳು ದನಿ ಬಂದಾಗ ಕೇಳದವಳಂತೆ ಮುಖ ತಿರುಗಿಸಿಕೊಂಡಳು. ಮಗು ಇನ್ನೂ ಜೋರಾಗಿ ಅದನ್ನೇ ಹೇಳಿತು, ಹೇಳುತ್ತ ಹೇಳುತ್ತ ಅತ್ತಿತು. ಅವಳಿಗೆ ಹೆತ್ತ ತಾಯಿ ಬಾಗಿಲು ಬಡಿಯುತ್ತಿದ್ದರೂ ತಾನು ತೆರೆಯದೆ ಕೂತಂತಾಯಿತು.

ಎರಡನೇ ಕೇಂದ್ರಕ್ಕೆ ಹೋದಳು. ಅಲ್ಲಿ ಮೇಜಿಲ್ಲ, ಚಾಪೆ. ಮಗು ಆಡಿದ್ದೇ ಆಟ, ತಾಯಿಯೂ ಜೊತೆಗೆ ನೆಲಕ್ಕೆ ಕೂರಬೇಕು. ಅಲ್ಲಿನ ವಯಸ್ಸಾದ ಟೀಚರ್ ಅವಳು ಹೇಳಿದ್ದನ್ನೆಲ್ಲ ಕೇಳಿಕೊಂಡು, ಮಗು ಹಾಗೆ ಹೇಳುವುದು ಯಾವಾಗ ಎಂದು ಕೇಳಿದರು. ಅವಳು ಯೋಚಿಸಿದಳು.

"ಸುಸ್ತಾದಾಗ ಅನ್ಸುತ್ತೆ."

"ಅಜ್ಜಿನೂ ಸುಸ್ತಾದಾಗ ತಾನೇ ಹೇಳಿದ್ದು? ಸುಸ್ತಿಗೆ ಇವಳ ಹತ್ರ ಇರೋದು ಅದೊಂದೇ ಮಾತು. ಉತ್ತರ ಕೊಡಮ್ಮಾ."

ಮರುದಿನ ದನಿ ಬಂದಾಗ ಅವಳು ಮೆಟ್ಟಿಲ ಮೇಲೇ ಕೂತು, ಸುಸ್ತಾಯ್ತಾ, ಕೂತ್ಕೊಳೋಣ ಎಂದಳು. ಮಗು ಬಂದು ಒರಗಿತು. ಆಮೇಲೆ ಪುಟ್ಟ ಅಂಗೈಯನ್ನು ಅವಳ ಎಡ ಎದೆಯ ಮೇಲಿಟ್ಟು ಮೆಲ್ಲಗೆ ನೀವತೊಡಗಿತು, ಬಹಳ ದಿನದ ರೂಢಿ ಇದ್ದವರ ಹಾಗೆ. ಅವಳು ಆ ಕೈ ಸರಿಸಲಿಲ್ಲ.

ಯಾವ ಕೇಂದ್ರ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಅವಳು ಈಗಲೂ ತಡವರಿಸುತ್ತಾಳೆ. ಬೆರಳು ಮಾಡಿ ತೋರಿಸಲು ಕಲಿಸಿದ್ದು ಮೊದಲನೆಯದು, ಸುಳ್ಳಾಡಬಾರದು. ಚಾಪೆಯ ಮೇಲೆ ಎಲ್ಲವೂ ನಿಧಾನ. ಆದರೆ ಅಲ್ಲೇ ಮಗು ಒಂದು ದಿನ ತನ್ನದೇ ತೆಳು ದನಿಯಲ್ಲಿ "ಸುಸ್ತು" ಎಂದದ್ದು. ಅಜ್ಜಿಯ ದನಿ ಕ್ರಮೇಣ ಕಡಿಮೆಯಾಗಿ, ನಿಂತೇಹೋಯಿತು.

ಎಲ್ಲರೂ ಸಂತೋಷಪಟ್ಟರು. ಅವಳೂ ಪಟ್ಟಳು. ಆದರೂ ಒಂದು ಸಂಜೆ ಮನೆಯ ಬಾಗಿಲು ದಾಟಿ, ಮಗಳ ಕೈಹಿಡಿದು ತಾರಸಿಯವರೆಗೂ ಹತ್ತಿಸಿದಳು, ಇಳಿಸಿದಳು, ಮತ್ತೆ ಹತ್ತಿಸಿದಳು. ಮಗು ಏದುಸಿರು ಬಿಡುತ್ತ ನಿಂತಿತು. ಅವಳು ಕಿವಿಗೊಟ್ಟು ಕಾದಳು.

"ಸುಸ್ತು," ಎಂದಿತು ಮಗು, ತನ್ನದೇ ದನಿಯಲ್ಲಿ.